ಸ್ಟೆಲೆನ್‌ಬಾಷ್ ಅಥವಾ ಮಖಾಂಡ: ದಕ್ಷಿಣ ಆಫ್ರಿಕಾದ ಯಾವ ಊರಿಗೆ ಓದಲು ಹೋಗಬೇಕು?

ದಕ್ಷಿಣ ಆಫ್ರಿಕಾದಲ್ಲಿ ಓದು ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಕೇಪ್‌ಟೌನ್, ಇಲ್ಲವೇ ಜೋಹಾನ್ಸ್‌ಬರ್ಗ್. ಆದರೆ ಆ ದೇಶದಲ್ಲಿ ನಮ್ಮ ಧಾರವಾಡ, ಮಣಿಪಾಲದ ಥರದ ಊರುಗಳೂ ಇವೆ. ಅಂಗಡಿ, ಬಾಡಿಗೆ ಮನೆ, ಕಾಫಿ ಹೋಟೆಲು ಎಲ್ಲವೂ ಯೂನಿವರ್ಸಿಟಿಯ ಸುತ್ತಲೇ. ರಜೆ ಬಂದರೆ ಊರೇ ಖಾಲಿ. ಅಂಥ ಎರಡು ಹಳೆಯ ಊರುಗಳಲ್ಲಿ ಯಾವುದು ನಿಮಗೆ ಸರಿ ಅನ್ನುವುದನ್ನು ಇಲ್ಲಿ ನೋಡೋಣ.

ಒಂದು ಸ್ಟೆಲೆನ್‌ಬಾಷ್. ಕೇಪ್‌ಟೌನ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್. ಇನ್ನೊಂದು ಮಖಾಂಡ. ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ, ಗೆಬೆರ್ಹಾ ನಗರದಿಂದ ಸುಮಾರು 130 ಕಿಲೋಮೀಟರ್. ಹಳೆಯ ಪುಟಗಳಲ್ಲಿ ಗ್ರಹಾಮ್ಸ್‌ಟೌನ್, ಪೋರ್ಟ್ ಎಲಿಜಬೆತ್ ಅಂತ ಕಂಡರೆ ಗಾಬರಿ ಬೇಡ. ಅವು ಮಖಾಂಡ, ಗೆಬೆರ್ಹಾಗಳ ಹಳೆಯ ಹೆಸರುಗಳು. ಮೊದಲನೆಯದರ ಹೆಸರು 2018ರಲ್ಲಿ, ಎರಡನೆಯದರದು 2021ರಲ್ಲಿ ಬದಲಾಯಿತು. ಮಖಾಂಡದಲ್ಲಿರುವ ಯೂನಿವರ್ಸಿಟಿಯ ಹೆಸರು ರೋಡ್ಸ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರ‍್ಯಾಂಕಿಂಗ್ ಪಟ್ಟಿ ನೋಡಿ ಆರಿಸಬೇಡಿ. ಪಟ್ಟಿ ನೋಡಿದರೆ ಸ್ಟೆಲೆನ್‌ಬಾಷ್ ಮೇಲಿರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಿಮ್ಮ ವಿಷಯಕ್ಕೆ ಒಳ್ಳೆಯ ಮೇಷ್ಟ್ರು ಎಲ್ಲಿದ್ದಾರೆ, ದಿನ ಬೆಳಗಾದರೆ ನಲ್ಲಿಯಲ್ಲಿ ನೀರು ಬರುತ್ತದಾ, ಬಾಡಿಗೆ ಕಟ್ಟಲು ಆಗುತ್ತದಾ ಅನ್ನುವುದನ್ನು ನೋಡಿ. ಒಂದೆರಡು ವರ್ಷದ ಬದುಕು ನಿಂತಿರುವುದು ಇವುಗಳ ಮೇಲೆ.

ಊರುಗಳ ಮುಖ

ಸ್ಟೆಲೆನ್‌ಬಾಷ್ ಹುಟ್ಟಿದ್ದು 1679ರಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈಮನ್ ವಾನ್ ಡೆರ್ ಸ್ಟೆಲ್ ಕಟ್ಟಿಸಿದ ಊರು. ಆ ಭಾಗದಲ್ಲಿ ಯುರೋಪಿನವರು ಕಟ್ಟಿದ ಊರುಗಳ ಪೈಕಿ ಕೇಪ್‌ಟೌನ್ ಬಿಟ್ಟರೆ ಇದೇ ಹಳೆಯದು. ಸುಣ್ಣ ಬಳಿದ ಬಿಳಿ ಗೋಡೆ, ಬಾಗಿದ ಶಿಖರದ ಮುಂಭಾಗ, ಹುಲ್ಲಿನ ಚಾವಣಿ, ಬೀದಿಯುದ್ದಕ್ಕೂ ಓಕ್ ಮರ. ಡಾರ್ಪ್ ಬೀದಿಯಲ್ಲಿ ನಡೆದರೆ ರಸ್ತೆಯ ಅಂಚಿಗೆ ಸಣ್ಣ ಕಾಲುವೆ ಜೊತೆಗೇ ಬರುತ್ತದೆ. ಹಿಂದೆ ಮನೆ ಹಿತ್ತಲುಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದ ಕಾಲುವೆಗಳಿವು. ಅಂಗಡಿಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ಮೊದಲ ವಾರ ಎಲ್ಲರೂ ಫೋನು ನೋಡುತ್ತಾ ನಡೆದು ಎಡವುವ ಜಾಗ ಅದು.

ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚೆಂದವನ್ನು ಕಟ್ಟಿದವರು ಯಾರು ಅನ್ನುವುದನ್ನೂ ತಿಳಿದು ಹೋಗಬೇಕು. ಕೇಪ್‌ನ ದ್ರಾಕ್ಷಿ ತೋಟಗಳಲ್ಲಿ ದುಡಿದ ಗುಲಾಮರಲ್ಲಿ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದ ಹಡಗು ಹತ್ತಿಸಿ ತಂದವರೂ ಬಹಳ ಜನ ಇದ್ದರು. ನಮ್ಮ ಉಪಖಂಡದ ಜನ ಆ ನೆಲಕ್ಕೆ ಹೋಗಿದ್ದು 1860ರಲ್ಲಿ ನಟಾಲ್‌ನ ಕಬ್ಬಿನ ಗದ್ದೆಗಳಿಗೆ ಅಂತಲೇ ನಾವು ಓದಿದ್ದೇವೆ. ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿ ಬಂದು ಮಣ್ಣಾದವರಿದ್ದಾರೆ.

ಹತ್ತಿರದ ಇತಿಹಾಸವೂ ಅಷ್ಟೇ ಭಾರ. ವರ್ಣಭೇದ ನೀತಿಯ ಕಾಲದ ಪ್ರಧಾನಿಗಳಾದ ಮಲಾನ್, ಫರ್ವೂರ್ಟ್, ಫಾರ್ಸ್ಟರ್ ಮೂವರೂ ಸ್ಟೆಲೆನ್‌ಬಾಷ್‌ನಲ್ಲಿ ಓದಿದವರು. ಊರ ನಡುವೆ ಡೀ ಫ್ಲಾಕ್ಟೆ ಅನ್ನುವ ಕೇರಿ ಇತ್ತು. 1960ರ ದಶಕದಲ್ಲಿ ಅಲ್ಲಿನ ಬಿಳಿಯರಲ್ಲದ ಕುಟುಂಬಗಳನ್ನು ಕಾನೂನಿನ ಬಲದಿಂದ ಎಬ್ಬಿಸಿ ಊರಾಚೆ ಕಳಿಸಿದರು. ಇವತ್ತು ಕಲಾ ವಿಭಾಗದ ದೊಡ್ಡ ಕಟ್ಟಡ ನಿಂತಿರುವುದು ಆ ನೆಲದ ಮೇಲೆ. 2022ರಲ್ಲಿ ಒಂದು ಹಾಸ್ಟೆಲಿನಲ್ಲಿ ಬಿಳಿಯ ವಿದ್ಯಾರ್ಥಿಯೊಬ್ಬ ಕಪ್ಪು ವಿದ್ಯಾರ್ಥಿಯ ಸಾಮಾನುಗಳ ಮೇಲೆ ಮೂತ್ರ ಮಾಡಿದ ಘಟನೆ ದೇಶವನ್ನೇ ಕೆರಳಿಸಿತು. ಯೂನಿವರ್ಸಿಟಿ ನ್ಯಾಯಮೂರ್ತಿ ಸಿಸಿ ಖಂಪೆಪೆ ಅವರ ನೇತೃತ್ವದಲ್ಲಿ ತನಿಖೆ ಮಾಡಿಸಿತು. ಅದೇ ವರ್ಷ ವರದಿಯೂ ಬಂತು. ಈ ವರದಿಯನ್ನು ಅರ್ಜಿ ಹಾಕುವ ಮೊದಲೇ ಓದಿ. ಹೆದರಿಸಲು ಹೇಳುತ್ತಿಲ್ಲ. ಕಂದು ಮೈಬಣ್ಣದ ನೀವು ಅಲ್ಲಿ ಬರೀ ಅತಿಥಿಯಾಗಿ ಇರುವುದಿಲ್ಲ, ಆ ಮಾತುಕತೆಯ ಒಳಗೇ ಇರುತ್ತೀರಿ.

ಮಖಾಂಡದ ಕಥೆ ಬೇರೆ. 1812ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ಗ್ರಹಾಂ ಹಾಕಿದ ಸೈನಿಕ ಠಾಣೆಯೇ ಊರಾಯಿತು. ಖೋಸಾ ಜನರನ್ನು ಅವರ ನೆಲದಿಂದಲೇ ಓಡಿಸಿ ಗಡಿ ಕಾಯಲು ಕಟ್ಟಿದ ಠಾಣೆ ಅದು. 1819ರ ಏಪ್ರಿಲ್ 22ರಂದು ಮಖಾಂಡ ಕಾ ಎನ್‌ಖೆಲೆ ಅನ್ನುವ ಮುಂದಾಳು ಸಾವಿರಾರು ಖೋಸಾ ಯೋಧರ ಜೊತೆ ಹಾಡಹಗಲೇ ಅದರ ಮೇಲೆ ದಾಳಿ ಮಾಡಿದ. ಬಂದೂಕು, ತೋಪುಗಳ ಮುಂದೆ ಸೋತ. ಅವನನ್ನು ರಾಬೆನ್ ದ್ವೀಪಕ್ಕೆ ಕಳಿಸಿದರು. ಮರುವರ್ಷ ಅಲ್ಲಿಂದ ದೋಣಿಯಲ್ಲಿ ತಪ್ಪಿಸಿಕೊಳ್ಳುವಾಗ ಮುಳುಗಿ ಸತ್ತ. ಈಗ ಊರಿಗೆ ಅವನ ಹೆಸರು. ಯೂನಿವರ್ಸಿಟಿಗೆ ಮಾತ್ರ ಇನ್ನೂ ಬ್ರಿಟಿಷ್ ಸಾಮ್ರಾಜ್ಯ ಬೆಳೆಸಿದ ಸೆಸಿಲ್ ರೋಡ್ಸ್ ಹೆಸರೇ ಇದೆ. ಬದಲಿಸಿ ಅಂತ ವಿದ್ಯಾರ್ಥಿಗಳು ಕೇಳಿದರೂ 2017ರಲ್ಲಿ ಆಡಳಿತ ಮಂಡಳಿ ಒಪ್ಪಲಿಲ್ಲ. ನನಗೆ ಕೇಳಿದರೆ, ಬದಲಿಸಬೇಕಿತ್ತು.

ಕ್ಯಾಂಪಸ್ಸಿನ ಬಾಗಿಲಲ್ಲಿ ಡ್ರೋಸ್ಟ್‌ಡಿ ಕಮಾನು ಇದೆ. ಅಲ್ಲಿ ನಿಂತು ಹೈಸ್ಟ್ರೀಟ್ ಕಡೆ ನೋಡಿದರೆ ಬೀದಿಯ ನಡುವೆ ಕೆಥೆಡ್ರಲ್‌ನ ಚೂಪು ಗೋಪುರ. ಅದರಾಚೆ ಎದುರು ಗುಡ್ಡದ ಮೇಲೆ ಜೋಝಾ ಮುಂತಾದ ಟೌನ್‌ಶಿಪ್‌ಗಳ, ಅಂದರೆ ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆಂದೇ ಇಟ್ಟಿದ್ದ ಬಡಾವಣೆಗಳ ಸಣ್ಣ ಸಣ್ಣ ಮನೆಗಳು. ಊರಿನ ಎರಡು ಅರ್ಧವೂ ಒಂದೇ ನೋಟಕ್ಕೆ ಸಿಗುತ್ತವೆ. ರಸ್ತೆಯಲ್ಲಿ ಕತ್ತೆಗಳು, ದನಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ. ನಮ್ಮವರಿಗೆ ಅದೇನೂ ಹೊಸದಲ್ಲ ಬಿಡಿ.

ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬೀಕೋ ಹೆಸರು ಕೇಳಿರುತ್ತೀರಿ. 1967ರಲ್ಲಿ ಅವರೂ ಬಂದಿದ್ದ ವಿದ್ಯಾರ್ಥಿ ಸಂಘಟನೆಯೊಂದರ ಸಮ್ಮೇಳನ ರೋಡ್ಸ್‌ನಲ್ಲಿ ನಡೆಯಿತು. ಕಪ್ಪು ಪ್ರತಿನಿಧಿಗಳು ಕ್ಯಾಂಪಸ್ ಹಾಸ್ಟೆಲುಗಳಲ್ಲಿ ಉಳಿಯುವಂತಿಲ್ಲ ಎಂದು ಯೂನಿವರ್ಸಿಟಿಯವರು ಹೇಳಿದರು. ಆ ಸಿಟ್ಟಿನಿಂದ ಶುರುವಾದ ಚರ್ಚೆಯೇ ಕಪ್ಪು ವಿದ್ಯಾರ್ಥಿಗಳ ಸ್ವಂತ ಸಂಘಟನೆಗೆ ದಾರಿ ಮಾಡಿತು. ಬ್ಲ್ಯಾಕ್ ಕಾನ್ಶಿಯಸ್‌ನೆಸ್ ಅನ್ನುವ ಕಪ್ಪು ಜನರ ಸ್ವಾಭಿಮಾನದ ಚಳವಳಿಯ ಬೇರು ಹುಡುಕಿದರೆ ಈ ಸಣ್ಣ ಊರಿಗೂ ಬರಬೇಕಾಗುತ್ತದೆ.

ಏನು ಓದಬೇಕು ಅನ್ನುವುದೇ ದೊಡ್ಡ ಪ್ರಶ್ನೆ

ಸ್ಟೆಲೆನ್‌ಬಾಷ್‌ನಲ್ಲಿ 30 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ರೋಡ್ಸ್‌ನಲ್ಲಿ ಸುಮಾರು 8 ಸಾವಿರ. ಈ ಒಂದು ಅಂತರ ಎಲ್ಲದರಲ್ಲೂ ಕಾಣುತ್ತದೆ.

ಎಂಜಿನಿಯರಿಂಗ್ ಅಂದರೆ ಯೋಚನೆಯೇ ಬೇಡ, ಸ್ಟೆಲೆನ್‌ಬಾಷ್. ರೋಡ್ಸ್‌ನಲ್ಲಿ ಎಂಜಿನಿಯರಿಂಗ್ ಇಲ್ಲ, ಎಂಬಿಬಿಎಸ್ ಥರದ ಕೋರ್ಸೂ ಇಲ್ಲ. ದಕ್ಷಿಣ ಆಫ್ರಿಕಾದ ಮೊದಲ ಉಪಗ್ರಹ ಸನ್‌ಸ್ಯಾಟ್ ತಯಾರಾಗಿದ್ದು ಸ್ಟೆಲೆನ್‌ಬಾಷ್‌ನ ಪ್ರಯೋಗಾಲಯದಲ್ಲಿ. ಸ್ನಾತಕೋತ್ತರ ವಿದ್ಯಾರ್ಥಿಗಳೇ ಸೇರಿ ಕಟ್ಟಿದ ಉಪಗ್ರಹ ಅದು. 1999ರ ಫೆಬ್ರವರಿಯಲ್ಲಿ ಹಾರಿತು. ಕೃಷಿ, ಅರಣ್ಯ, ಆಹಾರ ವಿಜ್ಞಾನ ಕೂಡ ಇಲ್ಲಿ ಗಟ್ಟಿ.

ಅದರಲ್ಲೂ ದ್ರಾಕ್ಷಿ. 1925ರಲ್ಲಿ ಪ್ರೊಫೆಸರ್ ಅಬ್ರಹಾಂ ಪೆರೋಲ್ಡ್ ಇಲ್ಲೇ ಎರಡು ದ್ರಾಕ್ಷಿ ತಳಿಗಳನ್ನು ಕೂಡಿಸಿ ಪಿನೋಟಾಜ್ ಅನ್ನುವ ಹೊಸ ತಳಿ ಮಾಡಿದರು. ಅದು ಇವತ್ತು ದೇಶದ ಹೆಮ್ಮೆಯ ತಳಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿ, ವಿಜಯಪುರದ ದ್ರಾಕ್ಷಿ ತೋಟಗಳನ್ನು ಕಂಡ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಷ್ಟ. ಒಣ ಹವೆ, ನೀರಿನ ಕೊರತೆ, ಬಿಸಿಲಿನ ಹೊಡೆತ ಇವೆಲ್ಲ ಅಲ್ಲಿನ ಸಂಶೋಧಕರ ತಲೆನೋವು, ನಮ್ಮ ರೈತರದ್ದೂ ಅದೇ. ಯುರೋಪಿನ ತಂಪು ತೋಟದಲ್ಲಿ ಕಲಿತದ್ದಕ್ಕಿಂತ ಇಲ್ಲಿ ಕಲಿತದ್ದು ಊರಿಗೆ ಬಂದ ಮೇಲೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಸ್ಟೆಲೆನ್‌ಬಾಷ್ ಯೂನಿವರ್ಸಿಟಿಯ ವೈದ್ಯಕೀಯ ಕ್ಯಾಂಪಸ್ ಟೈಗರ್‌ಬರ್ಗ್‌ನಲ್ಲಿದೆ, ಬಿಸಿನೆಸ್ ಸ್ಕೂಲ್ ಬೆಲ್‌ವಿಲ್‌ನಲ್ಲಿದೆ. ಎರಡೂ ಕೇಪ್‌ಟೌನ್ ಕಡೆಯ ಉಪನಗರ ಪ್ರದೇಶಗಳು. ಪಬ್ಲಿಕ್ ಹೆಲ್ತ್ ಅಥವಾ ಎಂಬಿಎ ಸೇರಿ ಓಕ್ ಮರಗಳ ಕನಸು ಕಂಡರೆ ನಿರಾಸೆಯಾಗುತ್ತದೆ. ಆಫರ್ ಪತ್ರದಲ್ಲಿ ಕ್ಯಾಂಪಸ್ ಯಾವುದು ಅಂತ ನೋಡಿಯೇ ರೂಮು ಹುಡುಕಿ.

ಇನ್ನು ರೋಡ್ಸ್. 1904ರಲ್ಲಿ ಶುರುವಾದ ಈ ಯೂನಿವರ್ಸಿಟಿ ಎಲ್ಲವನ್ನೂ ಕಲಿಸಲು ಹೋಗುವುದಿಲ್ಲ. ಕಲಿಸುವ ಕೆಲವನ್ನು ಮಾತ್ರ ಬಹಳ ಚೆನ್ನಾಗಿ ಕಲಿಸುತ್ತದೆ. ಪತ್ರಿಕೋದ್ಯಮ, ಫಾರ್ಮಸಿ, ಮೀನು ವಿಜ್ಞಾನ, ಆಫ್ರಿಕಾದ ಸಂಗೀತ. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಅಲ್ಲಿ ಒಂದು ಭಾಗ್ಯವಿದೆ. 1870ರಲ್ಲಿ ಶುರುವಾದ ಗ್ರೋಕಾಟ್ಸ್ ಮೇಲ್ ಅನ್ನುವ ಊರ ಪತ್ರಿಕೆಯನ್ನು ಯೂನಿವರ್ಸಿಟಿಯೇ ಕೊಂಡಿತು. ನಗರಸಭೆ ಯಾಕೆ ನೀರು ಬಿಟ್ಟಿಲ್ಲ, ರಸ್ತೆಯ ಗುಂಡಿ ಯಾಕೆ ಮುಚ್ಚಿಲ್ಲ ಅಂತ ಕೇಳುವ ವರದಿಗಾರಿಕೆ ಅಲ್ಲಿ ಪಾಠದ ಭಾಗವೇ. ದೊಡ್ಡ ನಗರದ ಕಾಲೇಜಿನಲ್ಲಿ ಅಣಕು ಪತ್ರಿಕೆ ಮಾಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಮೀನಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1938ರ ಡಿಸೆಂಬರ್‌ನಲ್ಲಿ ಈಸ್ಟ್ ಲಂಡನ್ ಬಂದರಿಗೆ ಬಂದ ಬಲೆಯ ರಾಶಿಯಲ್ಲಿ ಅಲ್ಲಿನ ಮ್ಯೂಸಿಯಂನ ಮಾರ್ಜರಿ ಕೋರ್ಟ್ನಿ ಲ್ಯಾಟಿಮರ್ ಒಂದು ವಿಚಿತ್ರ ನೀಲಿ ಮೀನು ಕಂಡರು. ಅದರ ಚಿತ್ರ ಬರೆದು ರೋಡ್ಸ್‌ನ ಕೆಮಿಸ್ಟ್ರಿ ಮೇಷ್ಟ್ರು ಜೆ.ಎಲ್.ಬಿ. ಸ್ಮಿತ್‌ಗೆ ಕಳಿಸಿದರು. ಸ್ಮಿತ್‌ಗೆ ಮೀನುಗಳ ಹುಚ್ಚು. ಡೈನೋಸಾರ್‌ಗಳ ಕಾಲಕ್ಕೇ ಅಳಿದುಹೋಯಿತು ಅಂದುಕೊಂಡಿದ್ದ ಸೀಲಕಾಂತ್ ಅದು ಅಂತ ಅವರು ಗುರುತಿಸಿದರು. ಮೀನಿಗೆ ಆ ಹೆಣ್ಣುಮಗಳ ಹೆಸರನ್ನೇ ಸೇರಿಸಿ ಲ್ಯಾಟಿಮೇರಿಯಾ ಅಂತ ಕರೆದರು. ಅವರು ಕಟ್ಟಿದ ಮೀನು ವಿಜ್ಞಾನದ ಪರಂಪರೆ ಇವತ್ತು ಮಖಾಂಡದಲ್ಲಿ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆದಿದೆ. ರೋಡ್ಸ್‌ನ ಮೀನು ವಿಜ್ಞಾನ ವಿಭಾಗಕ್ಕೂ ಅದಕ್ಕೂ ಹತ್ತಿರದ ನಂಟು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿರುವವರು ಈ ಊರಿನ ಹೆಸರನ್ನು ಪಟ್ಟಿಯ ಮೊದಲಿಗೇ ಬರೆದುಕೊಳ್ಳಬೇಕು. ಸಂಗೀತದವರಿಗೆ ಹ್ಯೂ ಟ್ರೇಸಿ 1954ರಲ್ಲಿ ಶುರುಮಾಡಿದ ಆಫ್ರಿಕನ್ ಸಂಗೀತದ ಧ್ವನಿ ಸಂಗ್ರಹ ಇದೇ ಕ್ಯಾಂಪಸ್ಸಿನಲ್ಲಿದೆ.

ಡಿಗ್ರಿಯ ಲೆಕ್ಕ

ಇದನ್ನು ಗಮನಿಸದೆ ಒಂದು ವರ್ಷ ಕಳೆದುಕೊಳ್ಳುವವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಸಾಮಾನ್ಯ ಬಿಎ, ಬಿಎಸ್‌ಸಿ ಮೂರು ವರ್ಷ. ಅದಾದ ಮೇಲೆ ಒಂದು ವರ್ಷದ ಆನರ್ಸ್. ಆಮೇಲೆ ಮಾಸ್ಟರ್ಸ್. ನಮ್ಮ ಮೂರು ವರ್ಷದ ಡಿಗ್ರಿ ಹಿಡಿದು ಹೋದರೆ ನೇರವಾಗಿ ಮಾಸ್ಟರ್ಸ್‌ಗೆ ಸೇರಿಸದೆ ಆನರ್ಸ್ ಮಾಡಿ ಅನ್ನುವ ಸಾಧ್ಯತೆ ಜಾಸ್ತಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಹಾಗಾಗಿ ನಿಮ್ಮ ಬ್ಯಾಚು ಯಾವುದು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಬಿಇ, ಬಿಎಸ್‌ಸಿ ಅಗ್ರಿಯಂಥ ನಾಲ್ಕು ವರ್ಷದ ಕೋರ್ಸಿನವರಿಗೆ ಈ ತೊಂದರೆ ಕಡಿಮೆ. ವಿದೇಶಿ ಡಿಗ್ರಿಯನ್ನು ತೂಗಿ ನೋಡುವ ಸಂಸ್ಥೆಯ ಹೆಸರು ಸಾಕಾ (SAQA). ಆ ಪ್ರಮಾಣಪತ್ರ ಕೇಳಿದರೆ ಕೈಗೆ ಬರಲು ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ.

ಮಾಸ್ಟರ್ಸ್ ಅಲ್ಲಿ ಬಹಳ ಕಡೆ ಪೂರ್ತಿ ಸಂಶೋಧನೆ. ತರಗತಿಯೇ ಇರುವುದಿಲ್ಲ. ಒಬ್ಬ ಗೈಡ್, ಒಂದು ವಿಷಯ, ಕೊನೆಗೆ ಥೀಸಿಸ್. ಗೈಡ್ ಒಪ್ಪದೆ ಅರ್ಜಿ ಮುಂದೆ ಹೋಗುವುದು ಕಷ್ಟ. ರೋಡ್ಸ್ ಸಣ್ಣದಾದ್ದರಿಂದ ಗೈಡ್ ಬಾಗಿಲು ತಟ್ಟಿದರೆ ಸಿಗುತ್ತಾರೆ. ಸ್ಟೆಲೆನ್‌ಬಾಷ್‌ನಲ್ಲಿ ಲ್ಯಾಬು, ದುಡ್ಡು, ಜೊತೆಗಾರರು ಜಾಸ್ತಿ. ಸ್ವಂತವಾಗಿ ಕೆಲಸ ಮಾಡುವ ಅಭ್ಯಾಸ ಇನ್ನೂ ಆಗಿಲ್ಲ ಅನ್ನುವವರಿಗೆ ನಾನು ರೋಡ್ಸ್ ಹೇಳುತ್ತೇನೆ.

ಒಂದೇ ಸೆಮಿಸ್ಟರ್‌ಗೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವವರು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಸ್ಟೆಲೆನ್‌ಬಾಷ್‌ಗೆ ಹೋಗಿ. ಹೊರದೇಶದವರನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿ ದೊಡ್ಡದು. ಐದಾರು ತಿಂಗಳಲ್ಲಿ ಮಖಾಂಡ ತನ್ನನ್ನು ಬಿಟ್ಟುಕೊಡುವುದಿಲ್ಲ.

ಕಲಿಸುವ ಭಾಷೆ

ರೋಡ್ಸ್‌ನಲ್ಲಿ ಪಾಠ ಇಂಗ್ಲಿಷ್, ಬೀದಿಯಲ್ಲಿ ಖೋಸಾ. ನಾಲಿಗೆ ಟಕ್ ಅನ್ನಿಸುವ ಆ ಸದ್ದುಗಳನ್ನು ಕಲಿಯಲು ನಾಲ್ಕು ಮಾತು ಪ್ರಯತ್ನಪಟ್ಟರೂ ಅಂಗಡಿಯವರ ಮುಖ ಅರಳುತ್ತದೆ.

ಸ್ಟೆಲೆನ್‌ಬಾಷ್‌ನಲ್ಲಿ ವಿಷಯ ಅಷ್ಟು ಸರಳವಲ್ಲ. 1918ರಲ್ಲಿ ಯೂನಿವರ್ಸಿಟಿ ಆದಾಗಿನಿಂದ ಅದು ಆಫ್ರಿಕಾನ್ಸ್ ಭಾಷೆಯ ಕೋಟೆ. ಡಚ್ಚಿನಿಂದ ಹುಟ್ಟಿದ, ವರ್ಣಭೇದದ ಸರ್ಕಾರ ಆಡುತ್ತಿದ್ದ ಭಾಷೆ ಅದು. ನಮಗೆ ಅರ್ಥವಾಗದ ಭಾಷೆಯಲ್ಲಿ ಪಾಠ ಮಾಡಿ ನಮ್ಮನ್ನು ಹೊರಗಿಡುತ್ತಿದ್ದೀರಿ ಅಂತ 2015ರಲ್ಲಿ ಕಪ್ಪು ವಿದ್ಯಾರ್ಥಿಗಳು ಎದ್ದರು. 2016ರ ನೀತಿ ಇಂಗ್ಲಿಷ್‌ಗೆ ಮೊದಲ ಜಾಗ ಕೊಟ್ಟಿತು. ಆಫ್ರಿಕಾನ್ಸ್ ಪರವಾದವರು ಕೋರ್ಟಿಗೆ ಹೋದರು. 2019ರಲ್ಲಿ ಸಂವಿಧಾನ ನ್ಯಾಯಾಲಯ ಯೂನಿವರ್ಸಿಟಿಯ ನೀತಿಯನ್ನೇ ಎತ್ತಿಹಿಡಿಯಿತು. ಕನ್ನಡ ಮಾಧ್ಯಮದ ವಿಷಯ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದನ್ನು ಕಂಡ ನಮಗೆ ಈ ಜಗಳದ ಎರಡೂ ಕಡೆಯ ನೋವು ತಿಳಿಯುತ್ತದೆ. ಅಲ್ಲಿ ಒಂದು ಭಾಷೆಗೆ ಅಧಿಕಾರದ ಕಳಂಕ ಅಂಟಿತ್ತು, ನಮ್ಮದಕ್ಕೆ ಅದಿಲ್ಲ. ಆದರೂ ಒಂದು ಭಾಷೆ ಉನ್ನತ ಶಿಕ್ಷಣದಿಂದ ಹಿಂದೆ ಸರಿಯುವುದನ್ನು ನೋಡುವುದು ಕನ್ನಡದವರಿಗೆ ಸುಲಭವಲ್ಲ. ವಿದ್ಯಾರ್ಥಿಯಾಗಿ ನಿಮಗೆ ತೊಂದರೆ ಇಲ್ಲ, ಮಾಸ್ಟರ್ಸ್ ಇಂಗ್ಲಿಷ್‌ನಲ್ಲೇ ಮುಗಿಯುತ್ತದೆ. ಊಟದ ಟೇಬಲ್ಲಿನಲ್ಲಿ ಮಾತು ಆಫ್ರಿಕಾನ್ಸ್‌ಗೆ ಜಾರಿದಾಗ ಮಾತ್ರ ಸ್ವಲ್ಪ ಒಂಟಿ ಅನಿಸಬಹುದು.

ನೀರು, ಕರೆಂಟು, ಬಾಡಿಗೆ, ಊಟ

ಮಖಾಂಡಕ್ಕೆ ಹೋಗುವವರು ನೀರಿನ ವಿಷಯ ಸರಿಯಾಗಿ ತಿಳಿದುಕೊಂಡೇ ಹೋಗಬೇಕು. ಹಳೆಯ ಪೈಪು, ಸೋರಿಕೆ, ಕೆಟ್ಟ ನಿರ್ವಹಣೆ, ಮೇಲೆ ಬರ. ದಿನಗಟ್ಟಲೆ ನಲ್ಲಿ ಒಣಗಿರುವುದು ಅಲ್ಲಿ ಮಾಮೂಲು. 2019ರಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿತೆಂದರೆ ಗಿಫ್ಟ್ ಆಫ್ ದಿ ಗಿವರ್ಸ್ ಅನ್ನುವ ಸೇವಾ ಸಂಸ್ಥೆ ಬಂದು ಬೋರ್‌ವೆಲ್ ಕೊರೆಸಿತು. 2020ರ ಜನವರಿಯಲ್ಲಿ ಹೈಕೋರ್ಟ್ ನಗರಸಭೆಯನ್ನೇ ವಿಸರ್ಜಿಸಿ ಅಂತ ತೀರ್ಪು ಕೊಟ್ಟಿತು. ಕೆಲಸವಿಲ್ಲದ ಬಡವರ ಸಂಘಟನೆಯೊಂದು ಹಾಕಿದ ಕೇಸು ಅದು. ಊರಾಚೆ ಹೆದ್ದಾರಿ ಪಕ್ಕದಲ್ಲಿ ಒಂದು ಚಿಲುಮೆ ಇದೆ. ಕಾರಿನ ಡಿಕ್ಕಿಯಲ್ಲಿ 5 ಲೀಟರ್ ಕ್ಯಾನುಗಳನ್ನು ತುಂಬಿಕೊಂಡು ಜನ ಅಲ್ಲಿ ಸಾಲು ನಿಲ್ಲುತ್ತಾರೆ. ರೂಮು ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ವೈಫೈ ಬಗ್ಗೆ ಅಲ್ಲ. ಮಳೆನೀರಿನ ಟ್ಯಾಂಕ್ ಇದೆಯಾ, ಅದಕ್ಕೆ ಪಂಪು ಇದೆಯಾ ಅಂತ ಕೇಳಿ. ಸಾಧ್ಯವಾದರೆ ಯೂನಿವರ್ಸಿಟಿ ಹಾಸ್ಟೆಲಿನಲ್ಲೇ ಇರಿ.

ಸ್ಟೆಲೆನ್‌ಬಾಷ್‌ನಲ್ಲಿ ನಗರಾಡಳಿತ ಚೆನ್ನಾಗಿದೆ, ನೀರಿನ ಗೋಳು ಇಲ್ಲ. ಅದರ ಬೆಲೆಯನ್ನು ಬಾಡಿಗೆಯಲ್ಲಿ ಕೊಡುತ್ತೀರಿ. ಶ್ರೀಮಂತರ ಊರು, ವಿದ್ಯಾರ್ಥಿಗಳು ಜಾಸ್ತಿ, ಮನೆ ಕಡಿಮೆ. ಹಾಸ್ಟೆಲ್ ಸಿಗದವರು ಪರದಾಡುತ್ತಾರೆ. ಅಡ್ಮಿಷನ್ ಅರ್ಜಿಯ ಜೊತೆಗೇ ವಸತಿ ಅರ್ಜಿ ಹಾಕದಿದ್ದರೆ ಆಮೇಲೆ ಕಷ್ಟ. ಮಖಾಂಡದಲ್ಲಿ ಬಾಡಿಗೆ, ಊಟ, ಓಡಾಟ ಮೂರೂ ಅಗ್ಗ. ಎಲ್ಲಿಗೆ ಬೇಕಾದರೂ ನಡೆದೇ ಹೋಗಬಹುದು. ಒಂದು ರ‍್ಯಾಂಡ್ ಅಂದರೆ ಸುಮಾರು 5 ರೂಪಾಯಿಯ ಆಸುಪಾಸು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಹೊರದೇಶದವರಿಗೆ ಫೀಸಿನ ಮೇಲೆ ಪ್ರತ್ಯೇಕ ಶುಲ್ಕ ಇರುತ್ತದೆ, ಅದನ್ನೂ ಸೇರಿಸಿ.

ಲೋಡ್ ಶೆಡ್ಡಿಂಗ್ 2023ರಲ್ಲಿ ಇಡೀ ದೇಶವನ್ನು ಹಿಂಡಿತ್ತು. 2024ರ ಮಾರ್ಚ್ ನಂತರ ಬಹಳ ಕಡಿಮೆಯಾಗಿದೆ. ಆದರೂ ಒಂದು ಚಾರ್ಜ್ ಆಗುವ ದೀಪ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಎರಡೂ ಊರುಗಳಲ್ಲಿ ಹೊಟ್ಟೆಗೆ ಮೋಸವಿಲ್ಲ, ನಾಲಿಗೆಗೆ ಸ್ವಲ್ಪ ಇದೆ. ಅಕ್ಕಿ, ಬೇಳೆ, ತರಕಾರಿ, ಮೊಸರು ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಸ್ಟೆಲೆನ್‌ಬಾಷ್‌ನವರು ಕೇಪ್‌ಟೌನ್‌ನ ಬೋ ಕಾಪ್‌ಗೆ ಹೋದರೆ ಅಟ್ಲಾಸ್ ಟ್ರೇಡಿಂಗ್ ಅನ್ನುವ ಹಳೆಯ ಮಸಾಲೆ ಅಂಗಡಿ ಇದೆ, ಜೀರಿಗೆ ಕೊತ್ತಂಬರಿಗೆ ಕೊರತೆಯಿಲ್ಲ. ಮಖಾಂಡದವರು ಸಾರಿನ ಪುಡಿ, ಹುಣಸೆಹಣ್ಣು, ಇಂಗು ಊರಿಂದಲೇ ಒಯ್ಯುವುದು ಒಳ್ಳೆಯದು. ಖೋಸಾ ಮನೆಗಳಲ್ಲಿ ಮೆಕ್ಕೆಜೋಳದ ಕಾಳನ್ನು ಕುಟ್ಟಿ ಬೀನ್ಸ್ ಕಾಳಿನ ಜೊತೆ ಬೇಯಿಸಿದ ಉಂಞುಶೋ ಕೊಟ್ಟರೆ ಬೇಡ ಅನ್ನಬೇಡಿ. ಮಾಂಸ ಹಾಕಿಲ್ಲ ತಾನೇ ಅಂತ ಕೇಳಿಕೊಂಡರೆ ಸಾಕು.

ರಾತ್ರಿ ಒಬ್ಬರೇ ನಡೆಯುವುದು ಎರಡೂ ಕಡೆ ಬೇಡ. ಕ್ಯಾಂಪಸ್ ಭದ್ರತೆಯ ಫೋನ್ ನಂಬರು ಮೊದಲ ದಿನವೇ ಸೇವ್ ಮಾಡಿಕೊಳ್ಳಿ.

ಹವೆಯ ಬಗ್ಗೆ ಒಂದು ಮಾತು. ಜೂನ್, ಜುಲೈ ಅಲ್ಲಿ ಚಳಿಗಾಲ. ಸ್ಟೆಲೆನ್‌ಬಾಷ್‌ನಲ್ಲಿ ಮಳೆಯೂ ಆಗಲೇ. ಮನೆಗಳಲ್ಲಿ ಹೀಟರ್ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಗೋಡೆಯೊಳಗೇ ಚಳಿ. ದಪ್ಪ ಸ್ವೆಟರ್ ಬೇಕೇ ಬೇಕು. ಆ ಚಳಿಯಲ್ಲೇ ಮಖಾಂಡದಲ್ಲಿ ರಾಷ್ಟ್ರೀಯ ಕಲಾ ಉತ್ಸವ. 1974ರಿಂದ ನಡೆದುಬಂದಿರುವ ಈ ನಾಟಕ, ಸಂಗೀತದ ಜಾತ್ರೆಗೆ ಜೂನ್ ಕೊನೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಶಾಲೆಯ ಹಾಲು, ಚರ್ಚು, ಗ್ಯಾರೇಜು ಎಲ್ಲವೂ ರಂಗಮಂದಿರ. ನಾಟಕದ ಗೀಳಿರುವವರಿಗೆ ಇದೊಂದೇ ಕಾರಣ ಸಾಕು, ನಾನಾದರೆ ಮಖಾಂಡವನ್ನೇ ಆರಿಸುತ್ತಿದ್ದೆ.

ಇನ್ನೆರಡು ಊರು

ಆಲಿಸ್ ಅನ್ನುವ ಪುಟ್ಟ ಊರಿನ ಫೋರ್ಟ್ ಹೇರ್ ಯೂನಿವರ್ಸಿಟಿ 1916ರದು. ಮಂಡೇಲಾ, ಆಲಿವರ್ ಟಾಂಬೋ ಓದಿದ ಜಾಗ. ಆಫ್ರಿಕಾದ ರಾಜಕೀಯ ಇತಿಹಾಸದ ಮೇಲೆ ಸಂಶೋಧನೆ ಮಾಡುವವರು ಒಮ್ಮೆಯಾದರೂ ಹೋಗಬೇಕು. ಪೋಚೆಫ್‌ಸ್ಟ್ರೂಮ್ ಬೋಯರ್ ಅನ್ನುವ ಡಚ್ ಮೂಲದ ಬಿಳಿ ರೈತರು ಕಟ್ಟಿದ 1838ರ ಹಳೆಯ ಊರು, ನಾರ್ತ್ ವೆಸ್ಟ್ ಯೂನಿವರ್ಸಿಟಿ ಅಲ್ಲಿದೆ. ಆಫ್ರಿಕಾನ್ಸ್ ಪ್ರಭಾವ ಗಾಢ. ನಿಮ್ಮ ವಿಷಯದ ಗೈಡ್ ಅಲ್ಲಿಯೇ ಇದ್ದರೆ ಮಾತ್ರ ಯೋಚಿಸಿ.

ಹೊರಡುವ ಮುನ್ನ

ಅಲ್ಲಿನ ಶೈಕ್ಷಣಿಕ ವರ್ಷ ಫೆಬ್ರವರಿಯಲ್ಲಿ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ. ಜೂನ್‌ನಲ್ಲಿ ಡಿಗ್ರಿ ಮುಗಿಸಿದವರಿಗೆ ಏಳೆಂಟು ತಿಂಗಳ ಬಿಡುವು ಸಿಗುತ್ತದೆ. ಗೈಡ್‌ಗೆ ಇಮೇಲ್ ಬರೆಯುವುದು, ಅಂಕಪಟ್ಟಿ ಜೋಡಿಸುವುದು ಆ ಬಿಡುವಿಗೆ ಕಾಯಬಾರದು, ಕೊನೆಯ ಸೆಮಿಸ್ಟರ್‌ನಲ್ಲೇ ಶುರುಮಾಡಿ. ಸ್ಟಡಿ ವೀಸಾಕ್ಕೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಖರ್ಚಿಗೆ ಹಣವಿದೆ ಅನ್ನುವ ದಾಖಲೆ ಬೇಕು. ಜೊತೆಗೆ ದಕ್ಷಿಣ ಆಫ್ರಿಕಾದಲ್ಲೇ ನೋಂದಣಿಯಾದ ಆರೋಗ್ಯ ಯೋಜನೆ ಆಗಬೇಕು. ಇಲ್ಲಿನ ಟ್ರಾವೆಲ್ ಇನ್ಶೂರೆನ್ಸ್ ಸಾಲದು. ಸ್ಟಡಿ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಸ್ಟೆಲೆನ್‌ಬಾಷ್‌ನಲ್ಲಿ ಅಂಥ ಕೆಲಸ ಸಿಗುವ ಅವಕಾಶ ಮಖಾಂಡಕ್ಕಿಂತ ಜಾಸ್ತಿ. ಆದರೂ ಅದನ್ನು ನಂಬಿ ಬಜೆಟ್ ಮಾಡಬೇಡಿ.

ವಿಮಾನದ ಟಿಕೆಟ್ ಅಗ್ಗ ಅಂತ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಬುಕ್ ಮಾಡುವವರು ಒಂದು ವಿಷಯ ನೋಡಿಕೊಳ್ಳಿ. ಹಳದಿ ಜ್ವರ ಇರುವ ದೇಶಗಳ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೆ ದಕ್ಷಿಣ ಆಫ್ರಿಕಾದವರು ಲಸಿಕೆಯ ಹಳದಿ ಕಾರ್ಡ್ ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಆ ಕಾರ್ಡಿಗೆ ಮಾನ್ಯತೆ. ಹಾಗಾಗಿ ಹೊರಡುವ ಹಿಂದಿನ ವಾರ ಹಾಕಿಸಿಕೊಂಡರೆ ಆಗುವುದಿಲ್ಲ.